ಊದಿದಾಗ ಬರುವ ನಂಬರ್: ಬಾಡೂಟಕ್ಕೆ ಹೋಗುವವರಿಗೊಂದು ಎಣ್ಣೆ ಲೆಕ್ಕ

ಮಂಡ್ಯ ಕಡೆ ಯುಗಾದಿ ಮಾರನೇ ದಿನದ ಹೊಸತೊಡಕು ಅಂದ್ರೆ ಬಾಡೂಟ, ಬಾಡೂಟ ಅಂದ್ರೆ ಬಹಳ ಕಡೆ ಎಣ್ಣೆ. ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರೋದು ಊಟ ಮುಗಿಸಿ "ನಂಗೇನೂ ಆಗಿಲ್ಲ ಕಣ್ಲಾ, ಕೀ ಕೊಡು" ಅನ್ನುವವನ ಮೇಲೆ. ಅವನ ಜೊತೆ ವಾದ ಬೇಡ, ಲೆಕ್ಕ ಹಾಕಿ.

ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್. ಸುಮಾರು 70 ಕೆ.ಜಿ. ತೂಕದ ಗಂಡಸು 60 ಎಂ.ಎಲ್. ವಿಸ್ಕಿ ಕುಡಿದರೆ ಹತ್ತಿರ ಹತ್ತಿರ 40 ಆಗುತ್ತದೆ. ಅಂದ್ರೆ ಒಂದೇ ಲಾರ್ಜ್‌ಗೆ ಕಥೆ ಮುಗೀತು! 90ರ ಪಾಕೆಟ್‌ಗೆ 60ರ ಮೇಲೆ, ಕ್ವಾರ್ಟರ್‌ಗೆ (180 ಎಂ.ಎಲ್.) 120ರ ಮೇಲೆ, ಒಂದು ದೊಡ್ಡ ಬಾಟಲಿ (650 ಎಂ.ಎಲ್.) ಸ್ಟ್ರಾಂಗ್ ಬಿಯರ್‌ಗೆ 80ರ ಆಸುಪಾಸು. ಹೆಂಗಸರಿಗೆ, ತೂಕ ಕಡಿಮೆ ಇರುವವರಿಗೆ ಇನ್ನೂ ಜಾಸ್ತಿ. ಇದು ಅಂದಾಜು, ಹೊಟ್ಟೆ ತುಂಬಿದ್ದರೆ ಸ್ವಲ್ಪ ನಿಧಾನವಾಗಿ, ಸ್ವಲ್ಪ ಕಡಿಮೆ ಏರುತ್ತದೆ, ಅಷ್ಟೇ.

ಈಗ ಇಳಿಯುವ ಲೆಕ್ಕ. ಲಿವರ್ ಗಂಟೆಗೆ ಸುಮಾರು 15ರಂತೆ ಇಳಿಸುತ್ತದೆ, ನೀವು ಎಷ್ಟು ಅವಸರ ಮಾಡಿದರೂ ಅದು ಅವಸರ ಮಾಡಲ್ಲ. ಮಜ್ಜಿಗೆ, ನಿಂಬೆಹಣ್ಣು, ಸ್ಟ್ರಾಂಗ್ ಕಾಫಿ, ತಣ್ಣೀರು ಸ್ನಾನ, ಯಾವುದೂ ಒಂದು ಪಾಯಿಂಟೂ ಇಳಿಸಲ್ಲ. ಏಲಕ್ಕಿ ಜಗಿದರೆ ವಾಸನೆ ಮುಚ್ಚಬಹುದು, ಆದರೆ ಪೊಲೀಸರು ಊದಿಸುವ ಮೀಟರ್ ನೋಡೋದು ಶ್ವಾಸಕೋಶದ ಆಳದಿಂದ ಬರುವ ಗಾಳಿಯಲ್ಲಿರುವ ಆಲ್ಕೋಹಾಲನ್ನು. ರಾತ್ರಿ 11ಕ್ಕೆ ಹಾಫ್ ಬಾಟಲಿ (375 ಎಂ.ಎಲ್.) ವಿಸ್ಕಿ ಖಾಲಿ ಮಾಡಿದವನು 250ರ ಮೇಲಿರುತ್ತಾನೆ. ಬೆಳಿಗ್ಗೆ 7ಕ್ಕೆ ಮುಖ ತೊಳೆದು ಮೈಸೂರಿಗೆ ಡ್ಯೂಟಿಗೆ ಹೊರಟಾಗಲೂ 130ರ ಹತ್ತಿರ ಇರುತ್ತಾನೆ. ಅವನು ಸ್ಟೇರಿಂಗ್ ಮುಟ್ಟಬೇಕಾದರೆ ಮಧ್ಯಾಹ್ನ 3 ದಾಟಬೇಕು.

ಊದಿಸಿದಾಗ 250, 300 ಬಂದರೆ ಜನ ನಗುತ್ತಾರೆ, "ರೆಕಾರ್ಡ್ ಮಾಡ್ದ" ಅಂತ. 300 ಅಂದ್ರೆ ಮಿತಿಯ ಹತ್ತು ಪಟ್ಟು. ಅಭ್ಯಾಸ ಇಲ್ಲದವನಿಗೆ ಅಷ್ಟಾದರೆ ಎದ್ದು ನಿಲ್ಲೋಕೂ ಆಗಲ್ಲ. ದಿನಾ ಕುಡಿಯುವವನು ಮಾತ್ರ ನೆಟ್ಟಗೆ ನಡೆದು ಬಂದು, ಅಜ್ಜಿಗೆ ನಮಸ್ಕಾರ ಮಾಡಿ, ಗಾಡಿ ಹತ್ತುತ್ತಾನೆ. ನನಗೆ ಭಯ ಇರೋದು ತೂರಾಡುವವನದ್ದಲ್ಲ, ಇವನದ್ದೇ. ಮೈ ಒಗ್ಗಿಕೊಂಡಿದೆ, ಕಣ್ಣು ಕೈ ಒಗ್ಗಿಕೊಂಡಿರಲ್ಲ. ಕತ್ತಲಲ್ಲಿ ಲೈಟಿಲ್ಲದ ಕಬ್ಬಿನ ಗಾಡಿ ಎದುರಾದರೆ ಬ್ರೇಕ್ ಮೇಲೆ ಕಾಲು ಹೋಗೋದು ತಡ ಆಗುತ್ತದೆ. ನಾಲೆ ಏರಿ ಮೇಲಿನ ರಸ್ತೆಯಲ್ಲಾದರೆ ತಡ ಅನ್ನೋದಕ್ಕೆ ಜಾಗವೇ ಇಲ್ಲ. ಹಾಗಾಗಿ ನಡಿಗೆ ನೋಡಿ ಕೀ ಕೊಡಬೇಡಿ, ಎಷ್ಟು ಪೆಗ್ ಆಯ್ತು ಅಂತ ಕೇಳಿ, ಅವನು ಹೇಳಿದ್ದಕ್ಕೆ ಎರಡು ಸೇರಿಸಿ.

ಕೀ ಇಸ್ಕೊಳ್ಳೋದು ಮೊದಲ ಪೆಗ್‌ಗೆ ಮುಂಚೆ. ಆಮೇಲೆ ಕೇಳಿದರೆ ಮರ್ಯಾದೆ ಪ್ರಶ್ನೆ ಆಗುತ್ತದೆ, ಬಾವನ ಹತ್ತಿರ ಯಾರು ಕಿತ್ತುಕೊಳ್ಳುತ್ತಾರೆ ಹೇಳಿ. ಕುಡಿಯದ ಒಬ್ಬ ಡ್ರೈವರ್ ಗೊತ್ತು ಮಾಡಿ, ಇಲ್ಲಾಂದ್ರೆ ಚಾಪೆ ಹಾಸಿಸಿ. "ಬೈಕ್ ಅಲ್ವಾ, ಹಿಂದಿನ ರೋಡಲ್ಲಿ ಹೋಗ್ತೀನಿ" ಅನ್ನೋದೂ ಬೇಡ, ಸ್ಕೂಟರ್‌ಗೂ ಅದೇ 30. ಸಿಕ್ಕಿಬಿದ್ದರೆ ಮೊದಲ ಸಲ 10,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಕೊನೆಗೆ, ಸಿಕ್ಕಾಪಟ್ಟೆ ಕುಡಿದು ಮಲಗಿದವನನ್ನು "ನಿದ್ದೆ ಮಾಡ್ಲಿ ಬಿಡು" ಅಂತ ಸುಮ್ನೆ ಬಿಡಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ವಾಂತಿ ಗಂಟಲಿಗೆ ಸಿಕ್ಕಿ ಸಾಯುವವರಿದ್ದಾರೆ. ಬಾಯಿಗೆ ನಿಂಬೆರಸ ಹುಯ್ಯಬೇಡಿ. ಜೋರಾಗಿ ಅಲ್ಲಾಡಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ, ತುಟಿ ನೀಲಿಯಾದರೆ, ಮೈ ತಣ್ಣಗಾದರೆ 108ಕ್ಕೆ ಫೋನ್ ಮಾಡಿ. ಎಷ್ಟು ಕುಡಿದ, ಯಾವಾಗಿಂದ ಅಂತ ಸರಿಯಾಗಿ ಹೇಳಿ, ಬಾಟಲಿ ಬಚ್ಚಿಡಬೇಡಿ.