ಕೆಲಸ ಬಿಡದೆ ಜಾರ್ಜಿಯಾ ಟೆಕ್ ಎಂ.ಎಸ್.: ಸಿಸ್ಟಮ್ಸ್ ಟ್ರ್ಯಾಕ್‌ಗೆ ನಾನು ಹಾಕಿಕೊಂಡ ಕ್ರಮ

ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಆನ್‌ಲೈನ್ ಕಂಪ್ಯೂಟರ್ ಸೈನ್ಸ್ ಎಂ.ಎಸ್.ನಲ್ಲಿ ಕಂಪ್ಯೂಟಿಂಗ್ ಸಿಸ್ಟಮ್ಸ್ ಟ್ರ್ಯಾಕ್ ಹಿಡಿದು, ಪೂರ್ತಿ ಹೊತ್ತಿನ ನೌಕರಿಯ ಜೊತೆಗೆ ಮುಗಿಸುವುದು ಆಗದ ಮಾತು ಎಂದು ನನಗೆ ಹೇಳಿದವರು ಬಹಳ ಮಂದಿ. ಸುಲಭದ ಹತ್ತು ಕೋರ್ಸ್ ಆರಿಸಿಕೋ, ಡಿಗ್ರಿಯ ಕಾಗದ ಎಲ್ಲರಿಗೂ ಒಂದೇ ತಾನೆ ಎಂದರು. ಈಗ ಒಂದೂ 'ಡಬ್ಲ್ಯೂ' (ನಡುವೆ ಕೈಬಿಟ್ಟ ಕೋರ್ಸಿನ ಗುರುತು) ಇಲ್ಲದ ಟ್ರಾನ್ಸ್‌ಕ್ರಿಪ್ಟ್ ಕೈಯಲ್ಲಿದೆ. ನಾನು ಇದಕ್ಕೆ ಪೂರ್ತಿ ಶ್ರೇಯ ಕೊಡುವುದು ಕೋರ್ಸ್‌ಗಳನ್ನು ಜೋಡಿಸಿದ ಕ್ರಮಕ್ಕೆ. ಅರ್ಜಿ, ಶಿಫಾರಸು ಪತ್ರಗಳ ವಿಚಾರ ನಿಮಗೆ ಗೊತ್ತೇ ಇರುತ್ತದೆ, ಅದನ್ನು ಬಿಟ್ಟಿದ್ದೇನೆ.

ಕ್ಯಾಂಪಸ್ಸಿನಲ್ಲಿ ಓದುವವರಿಗೆ ಥೀಸಿಸ್, ಪ್ರಾಜೆಕ್ಟ್, ಬರೀ ಕೋರ್ಸ್ ಎಂದು ಮೂರು ದಾರಿಗಳಿವೆ. ಆನ್‌ಲೈನಿನವರಿಗೆ ವಾಸ್ತವದಲ್ಲಿ ಉಳಿಯುವುದು ಕೋರ್ಸ್ ದಾರಿ: 30 ಕ್ರೆಡಿಟ್, ಹತ್ತು ಕೋರ್ಸ್. ಹಾಗಾಗಿ ಆಯ್ಕೆ ಎಂದರೆ ಸ್ಪೆಷಲೈಸೇಶನ್, ಅಂದರೆ ಯಾವ ವಿಷಯಕ್ಕೆ ಒತ್ತು ಎಂಬುದು. ಸಿಸ್ಟಮ್ಸ್‌ಗೆ ಆರು ಕೋರ್ಸ್ ಅದರ ಪಟ್ಟಿಯಿಂದಲೇ ಬರಬೇಕು, ಅವುಗಳಲ್ಲಿ ಬಿ ಗಿಂತ ಕೆಳಗೆ ಬಂದರೆ ಲೆಕ್ಕಕ್ಕಿಲ್ಲ. ಉಳಿದ ನಾಲ್ಕು ನಮ್ಮ ಇಷ್ಟ. ಮಷೀನ್ ಲರ್ನಿಂಗ್‌ಗೆ ಐದು ಪಟ್ಟಿಯಿಂದ, ಐದು ಇಷ್ಟದವು. ಗ್ರಾಜುಯೇಟ್ ಆಲ್ಗರಿದಮ್ಸ್ ಎಂದರೆ ಹೆದರುವವರು, ಈಗ ಎಐ ಎಂದು ಕರೆಯುವ ಟ್ರ್ಯಾಕ್‌ಗೆ ಹೋಗುತ್ತಾರೆ. ಅಲ್ಲಿ ಅದರ ಬದಲು ಸಾಫ್ಟ್‌ವೇರ್ ಡೆವಲಪ್‌ಮೆಂಟ್ ಪ್ರೋಸೆಸ್ ತೆಗೆದುಕೊಳ್ಳಬಹುದು. ಸಿಸ್ಟಮ್ಸ್‌ನಲ್ಲಿ ಆ ರಿಯಾಯಿತಿ ಇಲ್ಲ.

ಮೊದಲ 12 ತಿಂಗಳಲ್ಲಿ ಫೌಂಡೇಶನ್ ಪಟ್ಟಿಯ (ಬುನಾದಿ ಕೋರ್ಸ್‌ಗಳ ಪಟ್ಟಿ) ಎರಡು ಕೋರ್ಸ್‌ನಲ್ಲಿ ಕನಿಷ್ಠ ಬಿ ಬರಲೇಬೇಕು. ಇದಕ್ಕೆ ನಾನು ಇಟ್ಟುಕೊಂಡದ್ದು ಕಂಪ್ಯೂಟರ್ ನೆಟ್‌ವರ್ಕ್ಸ್ ಮತ್ತು ಹೈ ಪರ್ಫಾರ್ಮೆನ್ಸ್ ಕಂಪ್ಯೂಟರ್ ಆರ್ಕಿಟೆಕ್ಚರ್. ಎರಡೂ ಸಿಸ್ಟಮ್ಸ್ ಕೋರ್ ಪಟ್ಟಿಯಲ್ಲೂ ಇವೆ, ಹಾಗಾಗಿ ಒಂದೇ ಕೋರ್ಸ್ ಎರಡು ಕಡೆ ಲೆಕ್ಕಕ್ಕೆ ಬರುತ್ತದೆ. ನೆಟ್‌ವರ್ಕ್ಸ್ ಮೊದಲು, ಏಕೆಂದರೆ ಭಾರ ಕಡಿಮೆ; ಪಾಠದ ತಾಣ ಕ್ಯಾನ್ವಾಸ್, ಕೆಲಸ ಸಲ್ಲಿಸುವ ಗ್ರೇಡ್‌ಸ್ಕೋಪ್, ಪ್ರಾಕ್ಟರಿಂಗ್ (ಪರೀಕ್ಷೆಗೆ ವೆಬ್‌ಕ್ಯಾಮ್ ಕಾವಲು) ಇವಕ್ಕೆಲ್ಲ ಕೈ ಪಳಗಿಸಿಕೊಳ್ಳಲು ಅಷ್ಟು ಬಿಡುವು ಬೇಕು.

ಅದರ ನಂತರ ಗ್ರಾಜುಯೇಟ್ ಇಂಟ್ರೊಡಕ್ಷನ್ ಟು ಓಎಸ್ (ಆಪರೇಟಿಂಗ್ ಸಿಸ್ಟಮ್ಸ್), ಅದರ ಬೆನ್ನಿಗೇ ಅಡ್ವಾನ್ಸ್ಡ್ ಓಎಸ್. ಈ ಎರಡರ ನಡುವೆ ಬೇರೆ ಏನನ್ನೂ ತೂರಿಸಬಾರದು. ಸಿ ಭಾಷೆ, ಪಿಥ್ರೆಡ್ (ಒಟ್ಟಿಗೆ ಹಲವು ಕೆಲಸ ಓಡಿಸುವ ಲೈಬ್ರರಿ), ಜಿಆರ್‌ಪಿಸಿ (ಬೇರೆ ಯಂತ್ರದ ಫಂಕ್ಷನ್ ಕರೆಯುವ ಸಾಧನ) ಬೆರಳ ತುದಿಯಲ್ಲಿರುವಾಗಲೇ ಅಡ್ವಾನ್ಸ್ಡ್‌ನ ವಿಸಿಪಿಯು ಶೆಡ್ಯೂಲರ್, ಬ್ಯಾರಿಯರ್, ಮ್ಯಾಪ್‌ರೆಡ್ಯೂಸ್ ಪ್ರಾಜೆಕ್ಟ್‌ಗಳು ಬಂದರೆ ಅರ್ಧ ಕೆಲಸ ಆದ ಹಾಗೆ. ನಡುವೆ ಒಂದು ಪೈಥಾನ್ ಕೋರ್ಸ್ ಹಾಕಿದವರು ಮೊದಲ ಎರಡು ವಾರ ಸೆಗ್ಮೆಂಟೇಶನ್ ಫಾಲ್ಟ್ (ಮೆಮೊರಿ ತಪ್ಪು) ಹುಡುಕುತ್ತಲೇ ಕಳೆಯುತ್ತಾರೆ.

ಇಂಟ್ರೊ ಓಎಸ್‌ನ ಮೊದಲ ಪ್ರಾಜೆಕ್ಟ್‌ನಲ್ಲೇ ಬಹಳ ಜನ ಬಿಟ್ಟು ಹೋಗುತ್ತಾರೆ. ಫೈಲ್ ಕಳಿಸುವ ಸರ್ವರ್, ಅದನ್ನು ಆಮೇಲೆ ಮಲ್ಟಿಥ್ರೆಡ್ ಮಾಡಬೇಕು. ತೊಂದರೆ ಹುಟ್ಟುವುದು ಥ್ರೆಡ್‌ನಲ್ಲಿ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ನೋಡಿದ ಮಟ್ಟಿಗೆ ಮುಕ್ಕಾಲು ಪಾಲು ಸಾಕೆಟ್‌ನದ್ದೇ, ಅಂದರೆ ನೆಟ್‌ವರ್ಕ್‌ನಲ್ಲಿ ಕಳಿಸಿ ಪಡೆಯುವ ಕೊಂಡಿಯದ್ದು. ಸೆಂಡ್ ಮಾಡಿದಾಗ 4096 ಬೈಟ್ ಕೊಟ್ಟರೆ 4096 ಹೋಗುತ್ತದೆ ಎಂಬ ಖಾತ್ರಿ ಇಲ್ಲ. ಅದು ಹಿಂದಿರುಗಿಸುವ ಸಂಖ್ಯೆ ನೋಡಿ, ಉಳಿದದ್ದನ್ನು ಸುತ್ತು ಹಾಕಿ ಕಳಿಸಬೇಕು. ರಿಸೀವ್‌ನಲ್ಲಿ ಇನ್ನೂ ಕಷ್ಟ. ಫೈಲಿಗೆ ಮುಂಚೆ ಬರುವ ಹೆಡರ್‌ನ ಕೊನೆಯ ಗುರುತು ನಾಲ್ಕು ಅಕ್ಷರ: ಕ್ಯಾರೇಜ್ ರಿಟರ್ನ್, ನ್ಯೂಲೈನ್, ಎರಡು ಸಲ. ಅದರಲ್ಲಿ ಎರಡು ಒಂದು ರಿಸೀವ್‌ನಲ್ಲಿ, ಇನ್ನೆರಡು ಮುಂದಿನದರಲ್ಲಿ ಬರಬಹುದು. ಅಥವಾ ಹೆಡರ್ ಮುಗಿದು ಅದೇ ಬಫರ್‌ನ ಬಾಲದಲ್ಲಿ ಫೈಲಿನ ಮೊದಲ ಬೈಟ್‌ಗಳು ಕೂತಿರಬಹುದು. ಅವನ್ನು ಎಸೆದರೆ ಫೈಲ್ ಅಪೂರ್ಣವಾಗುತ್ತದೆ. ಸ್ವಂತ ಯಂತ್ರದಲ್ಲಿ ಪರೀಕ್ಷಿಸುವಾಗ ಎಲ್ಲ ಒಂದೇ ತುಂಡಾಗಿ ಬರುವುದರಿಂದ ಇದು ಕಾಣುವುದಿಲ್ಲ, ಅಂಕ ಹಾಕುವ ಗ್ರೇಡರ್‌ನಲ್ಲಿ ಮಾತ್ರ ಒಡೆಯುತ್ತದೆ. ಇದಕ್ಕೆ ನಾನು ಒಂದು ಕ್ಲೈಂಟ್ ಬರೆದೆ: ಒಂದೊಂದೇ ಬೈಟ್ ಕಳಿಸಿ ನಡುವೆ ಸ್ವಲ್ಪ ನಿಲ್ಲುವುದು. ಅದಕ್ಕೆ ತಾಳಿದ ಸರ್ವರ್ ಎಲ್ಲ ಕಡೆ ತಾಳುತ್ತದೆ. ಆ ಕ್ಲೈಂಟ್‌ಗೆ ಇನ್ನೂ ಎರಡು ವಿದ್ಯೆ ಕಲಿಸಿದ್ದೇನೆ, ಅವನ್ನು ಹೇಳುವುದಿಲ್ಲ. ಕೋಡ್ ಅಂತೂ ಕೊಡುವ ಹಾಗೇ ಇಲ್ಲ, ಆನರ್ ಕೋಡ್ (ನಕಲು ತಡೆಯುವ ನಿಯಮ) ಅದಕ್ಕೆ ಬಿಡುವುದಿಲ್ಲ. ನಿಮ್ಮ ಗಿಟ್‌ಹಬ್ ರೆಪೊ ಪ್ರೈವೇಟ್ ಇದೆಯೇ ಎಂದು ಈಗಲೇ ನೋಡಿಕೊಳ್ಳಿ.

ಡಿಸ್ಟ್ರಿಬ್ಯೂಟೆಡ್ ಕಂಪ್ಯೂಟಿಂಗ್ ಅನ್ನು ಅಡ್ವಾನ್ಸ್ಡ್ ಓಎಸ್ ಆದ ಮೇಲೆ, ಆ ಸೆಮಿಸ್ಟರ್‌ಗೆ ಅದೊಂದನ್ನೇ ತೆಗೆದುಕೊಳ್ಳಬೇಕು. ಜಾವಾದಲ್ಲಿ ಬರೆಯುವ ಲ್ಯಾಬ್‌ಗಳಲ್ಲಿ ಪ್ಯಾಕ್ಸೋಸ್ (ಹಲವು ಯಂತ್ರಗಳು ಒಮ್ಮತಕ್ಕೆ ಬರುವ ವಿಧಾನ) ಎಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನುತ್ತದೆ. ಸಾಮಾನ್ಯ ಟೆಸ್ಟ್ ಪಾಸಾಗಿ ಎಲ್ಲ ಸಾಧ್ಯ ಸ್ಥಿತಿಗಳನ್ನು ಜಾಲಾಡುವ ಸರ್ಚ್ ಟೆಸ್ಟ್‌ನಲ್ಲಿ ಮೆಮೊರಿ ತುಂಬಿ ನಿಲ್ಲುತ್ತಿದ್ದರೆ, ನೋಡ್‌ನೊಳಗೆ ಲೆಕ್ಕಕ್ಕೆ ಬೇಡದ ಕೌಂಟರ್ ಒಂದು ಕೂತಿದೆಯೇ, ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್ ಸರಿ ಇವೆಯೇ ನೋಡಿ. ಒಂದೇ ಸ್ಥಿತಿಯನ್ನು ಚೆಕರ್ ಬೇರೆ ಬೇರೆ ಎಂದು ಎಣಿಸುತ್ತಾ ಹೋಗುತ್ತದೆ, ಅಷ್ಟೇ.

ಆಲ್ಗರಿದಮ್ಸ್ ಕೊನೆಗೆ. ಹಾಗೆ ಕೊನೆಗೆ ಇಡುವುದು ನಮ್ಮ ಕೈಯಲ್ಲಿಲ್ಲ. ರಿಜಿಸ್ಟ್ರೇಶನ್ ಸರದಿ ಮುಗಿಸಿದ ಕ್ರೆಡಿಟ್ ಮೇಲೆ ಬರುವುದರಿಂದ ಸೀಟು ಸಿಗುವುದೇ ಆಗ. ಮೊದಲೇ ವೇಯ್ಟ್‌ಲಿಸ್ಟ್ ಹಾಕಿ ಕಾಯುವವರು ಆ ಸೆಮಿಸ್ಟರ್‌ನ ಬೇರೆ ಕೋರ್ಸನ್ನೂ ಕಳೆದುಕೊಂಡದ್ದು ನೋಡಿದ್ದೇನೆ. ಅಂಕ ಹೋಗುವುದು ಕೆಲವೇ ಜಾಗಗಳಲ್ಲಿ: ಮಾತಿನಲ್ಲಿ ವಿವರಿಸಿ ಎಂದಲ್ಲಿ ಸೂಡೊಕೋಡ್ ಬರೆಯುವುದು, ಗೊತ್ತಿರುವ ಆಲ್ಗರಿದಮ್‌ನ ಒಳಗೆ ಕೈ ಹಾಕಿ ತಿದ್ದುವುದು, ಹೊತ್ತಿನ ಲೆಕ್ಕಕ್ಕೆ ಕಾರಣ ಕೊಡದಿರುವುದು. ಎನ್‌ಪಿ ರಿಡಕ್ಷನ್‌ನಲ್ಲಿ (ಒಂದು ಕಠಿಣ ಸಮಸ್ಯೆಯನ್ನು ಇನ್ನೊಂದಕ್ಕೆ ಇಳಿಸುವುದು) ದಿಕ್ಕು ತಿರುಗುಮುರುಗು ಮಾಡಿದರೆ ಉಳಿದದ್ದೆಲ್ಲ ಸರಿ ಇದ್ದರೂ ಉಪಯೋಗವಿಲ್ಲ. ಆ ಸೆಮಿಸ್ಟರ್‌ಗೆ ಇನ್ನೊಂದು ಕೋರ್ಸ್ ಸೇರಿಸಬೇಡಿ, ಎಷ್ಟೇ ಹಗುರವಾಗಿರಲಿ.

ದುಡ್ಡಿನ ಮಾತು ಇಲ್ಲಿಂದಲೇ ಬರುತ್ತದೆ, ಏಕೆಂದರೆ ಎರಡೆರಡು ಕೋರ್ಸ್ ತೆಗೆದುಕೊಂಡರೆ ಉಳಿತಾಯ ಎಂಬ ಸಲಹೆ ಇನ್ನೂ ಓಡಾಡುತ್ತಿದೆ. ಸೆಮಿಸ್ಟರ್ ಶುಲ್ಕ 301 ಡಾಲರ್ ಇದ್ದ ಕಾಲಕ್ಕೆ ಅದು ನಿಜವೇ. ಅದು ಸುಮಾರು 107ಕ್ಕೆ ಇಳಿದ ಮೇಲೆ ಲೆಕ್ಕ ಬದಲಾಯಿತು. ಕ್ರೆಡಿಟ್‌ಗೆ 180ರ ದರವಿದ್ದಾಗ ಕೋರ್ಸಿಗೆ 540 ಡಾಲರ್ ಆಗುತ್ತಿತ್ತು. ಹತ್ತು ಸೆಮಿಸ್ಟರ್ ಒಂದೊಂದೇ ಮಾಡಿದರೆ ಎಲ್ಲ ಸೇರಿ 6,470ರ ಆಸುಪಾಸು, ಆಗಿನ ರೂಪಾಯಿ ಲೆಕ್ಕದಲ್ಲಿ ಐದೂಕಾಲು ಐದೂವರೆ ಲಕ್ಷ. ಜೋಡಿ ಮಾಡಿ ಒಂದು ಸೆಮಿಸ್ಟರ್ ಉಳಿಸಿದರೆ ಉಳಿಯುತ್ತಿದ್ದುದು 107. ಜೋಡಿ ತಾಳದೆ ಒಂದನ್ನು ನಡುವೆ ಕೈಬಿಟ್ಟರೆ ಹೋಗುತ್ತಿದ್ದುದು 540, ಏಕೆಂದರೆ ಮೊದಲ ವಾರದ ಡ್ರಾಪ್ ದಿನ ದಾಟಿದ ಮೇಲೆ ಎರಡರಲ್ಲಿ ಒಂದನ್ನು ವಿತ್‌ಡ್ರಾ ಮಾಡಿದರೆ ಅದರ ಶುಲ್ಕ ವಾಪಸ್ ಇಲ್ಲ. ದರ ಕಾಲಕಾಲಕ್ಕೆ ಏರುತ್ತದೆ, ಈ ಪ್ರಮಾಣ ನೋಡಿ ನಿರ್ಧರಿಸಿ. ನನ್ನ ಮಟ್ಟಿಗೆ ಜೋಡಿ ಮಾಡಲು ಯೋಗ್ಯವಾದ ಸಂದರ್ಭ ಒಂದೇ: ಎರಡೂ ಇಷ್ಟದ ಪಟ್ಟಿಯವು, ಅದರಲ್ಲಿ ಒಂದಕ್ಕೆ ಪ್ರಾಕ್ಟರ್ ಪರೀಕ್ಷೆ ಇಲ್ಲ.

ಇದಕ್ಕಿಂತ ಹೆಚ್ಚು ಸೋರುವುದು ಕಾರ್ಡ್‌ನಲ್ಲಿ. ವಿದೇಶಿ ಮಾರ್ಕಪ್ (ಡಾಲರ್ ಪಾವತಿಗೆ ಬ್ಯಾಂಕ್ ಸೇರಿಸುವ ಶುಲ್ಕ) 3.5 ಶೇಕಡಾ, ಅದರ ಮೇಲೆ 18 ಶೇಕಡಾ ಜಿಎಸ್‌ಟಿ. ಒಂದು ಸೆಮಿಸ್ಟರ್‌ನ 647 ಡಾಲರ್‌ಗೆ ಪ್ರತಿ ಸಲ ಎರಡು ಸಾವಿರ ರೂಪಾಯಿಗೂ ಮೇಲೆ ಹೋಗುತ್ತಿತ್ತು. ಕಾರ್ಡ್‌ನಲ್ಲಿ ಕಟ್ಟಿದರೆ ಅಲ್ಲಿಯ ಕಡೆಯಿಂದಲೂ ಬೇರೆ ಶುಲ್ಕ ಬೀಳುತ್ತದೆ. ಬ್ಯಾಂಕ್ ವೈರ್ ಮಾಡಿದರೆ ಸಾವಿರ, ಸಾವಿರದೈನೂರರೊಳಗೆ ಮುಗಿಯುತ್ತಿತ್ತು. ಆದರೆ ಹಣ ಮುಟ್ಟಲು ಮೂರು ನಾಲ್ಕು ಕೆಲಸದ ದಿನ ಹಿಡಿಯುತ್ತದೆ, ಕಡೇ ದಿನಕ್ಕೆ ಇಟ್ಟುಕೊಂಡರೆ ಕಷ್ಟ.

ಗಂಟೆಯ ವಿಚಾರ ಒಂದನ್ನು ಗೋಡೆಗೆ ಅಂಟಿಸಿಕೊಳ್ಳಿ. ಗಡುವು 'ಎನಿವೇರ್ ಆನ್ ಅರ್ತ್' (ಭೂಮಿಯ ಮೇಲೆ ಎಲ್ಲೂ ಆ ದಿನ ಮುಗಿಯುವವರೆಗೆ) ಎಂದು ಭಾನುವಾರ ರಾತ್ರಿ 11:59 ಕೊಟ್ಟಿದ್ದರೆ ನಮಗೆ ಅದು ಸೋಮವಾರ ಸಂಜೆ 5:29, ವರ್ಷವಿಡೀ. ಈಸ್ಟರ್ನ್ ಗಂಟೆ (ಅಮೆರಿಕದ ಪೂರ್ವ ಕರಾವಳಿಯ ಸಮಯ) ಎಂದಿದ್ದರೆ ಸೋಮವಾರ ಬೆಳಿಗ್ಗೆ 9:29. ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ 10:29. ಈ ಗಡುವು ಕೋರ್ಸಿನಿಂದ ಕೋರ್ಸಿಗೆ ಬೇರೆ. ಆಗಸ್ಟ್‌ನಲ್ಲಿ ಶುರುವಾಗುವ ಫಾಲ್ ಸೆಮಿಸ್ಟರ್‌ನ ಮಿಡ್‌ಟರ್ಮ್ ಹೊತ್ತಿಗೆ ದಸರಾ ಬರುತ್ತದೆ, ಅದರ ಹಿಂದೆಯೇ ದೀಪಾವಳಿ. ನಾನು ಭಾರದ ಕೋರ್ಸ್‌ಗಳನ್ನು ಜನವರಿಯ ಸ್ಪ್ರಿಂಗ್‌ಗೆ ತಳ್ಳಿದ್ದೇ ಇದಕ್ಕೆ. ಊರಿಗೆ ಹೋಗಿ ಹಬ್ಬದ ಮನೆಯಲ್ಲಿ ಕೋಣೆ ಬಾಗಿಲು ಹಾಕಿಕೊಂಡು ವೆಬ್‌ಕ್ಯಾಮ್ ಪರೀಕ್ಷೆ ಬರೆಯುವುದು ಆಗುವ ಕೆಲಸವಲ್ಲ. ಸಮ್ಮರ್ ಹನ್ನೆರಡು ವಾರಕ್ಕೂ ಕಡಿಮೆ, ಅಲ್ಲಿ ಇಷ್ಟದ ಪಟ್ಟಿಯ ಹಗುರ ಕೋರ್ಸ್ ಮಾತ್ರ.

ಯಂತ್ರದ ಬಗ್ಗೆ ಒಂದಷ್ಟು ಪ್ರಯೋಗ ಮಾಡಿದೆ. ಹೊಸ ಎಆರ್‌ಎಂ ಲ್ಯಾಪ್‌ಟಾಪ್‌ನಲ್ಲಿ ಆರ್ಕಿಟೆಕ್ಚರ್ ಕೋರ್ಸಿನ ಸಿಮ್ಯುಲೇಟರ್ ಇರುವ ವರ್ಚುವಲ್‌ಬಾಕ್ಸ್ ಇಮೇಜ್ ನೇರ ಓಡುವುದಿಲ್ಲ, ಅದು ಇಂಟೆಲ್‌ಗೆ ಕಟ್ಟಿದ್ದು. ಕ್ಯೂಎಂಯು ಎಂಬ ತಂತ್ರಾಂಶದಲ್ಲಿ ಇಂಟೆಲ್ ಯಂತ್ರವನ್ನು ಅನುಕರಿಸಿದರೆ ಓಡುತ್ತದೆ, ಆದರೆ ನಿಮಿಷದ ಸಿಮ್ಯುಲೇಶನ್ ಗಂಟೆಗೆ ಹಿಗ್ಗುತ್ತದೆ. ಅಡ್ವಾನ್ಸ್ಡ್ ಓಎಸ್‌ನ ಶೆಡ್ಯೂಲರ್‌ಗೆ ಕೆವಿಎಂ (ಲಿನಕ್ಸ್‌ನಲ್ಲಿ ವರ್ಚುವಲ್ ಯಂತ್ರ ಓಡಿಸುವ ಸೌಲಭ್ಯ) ಬೇಕು. ಅಗ್ಗದ ಕ್ಲೌಡ್ ಯಂತ್ರಗಳಲ್ಲಿ ನೆಸ್ಟೆಡ್ ವರ್ಚುವಲೈಸೇಶನ್ (ವರ್ಚುವಲ್ ಯಂತ್ರದೊಳಗೆ ಇನ್ನೊಂದನ್ನು ಓಡಿಸುವುದು) ಸಾಮಾನ್ಯವಾಗಿ ಮುಚ್ಚಿರುತ್ತದೆ. ಕೊನೆಗೆ ಒಳ್ಳೆಯದೆನಿಸಿದ್ದು ಸೆಕೆಂಡ್ ಹ್ಯಾಂಡ್ ಇಂಟೆಲ್ ಲ್ಯಾಪ್‌ಟಾಪ್: 16 ಜಿಬಿ ರ‍್ಯಾಮ್, ಉಬುಂಟು, ಇಪ್ಪತ್ತು ಇಪ್ಪತ್ತೈದು ಸಾವಿರದೊಳಗೆ. ಮೂರು ಕೋರ್ಸ್‌ಗೆ ಅದೇ ಸಾಕಾಯಿತು. ಪಾಠದ ವೀಡಿಯೊ ಬಿಟ್ಟು ಸಬ್‌ಟೈಟಲ್ ಮಾತ್ರ ಓದುವ ಪ್ರಯೋಗವೂ ಮಾಡಿದೆ: ಅಡ್ವಾನ್ಸ್ಡ್ ಓಎಸ್‌ಗೆ ಸರಿ ಹೋಗುತ್ತದೆ, ಆಲ್ಗರಿದಮ್ಸ್‌ಗೆ ಒಗ್ಗುವುದಿಲ್ಲ, ಅಲ್ಲಿ ವಿಷಯವೆಲ್ಲ ಬರೆದು ತೋರಿಸುವುದರಲ್ಲಿದೆ.

ಡಿಗ್ರಿಯ ಹೆಸರು ಮಾಸ್ಟರ್ ಆಫ್ ಸೈನ್ಸ್ ಇನ್ ಕಂಪ್ಯೂಟರ್ ಸೈನ್ಸ್ ಎಂದೇ ಇರುತ್ತದೆ, ಆನ್‌ಲೈನ್ ಎಂಬ ಪದ ಅದರಲ್ಲಿ ಇಲ್ಲ. ವೀಸಾ, ಅಲ್ಲಿಯ ಕೆಲಸದ ಪರವಾನಗಿ ಇದರಿಂದ ಬರುವುದಿಲ್ಲ. ಪಿಎಚ್‌ಡಿ ಕಡೆ ಹೋಗುವವರು ಸಂಶೋಧನೆ ಮಾಡುವ ಸ್ಪೆಷಲ್ ಪ್ರಾಬ್ಲಮ್ಸ್ ಕೋರ್ಸ್‌ಗೆ ಯಾರಾದರೂ ಪ್ರಾಧ್ಯಾಪಕರನ್ನು ಮೊದಲ ವರ್ಷದಿಂದಲೇ ಕೇಳಲು ಶುರು ಮಾಡಬೇಕು.

ಇನ್ನೊಂದು ನಮ್ಮವರಿಗೇ ಬರುವ ತಾಪತ್ರಯ: ಇನಿಷಿಯಲ್. ಅಂಕಪಟ್ಟಿಯಲ್ಲಿ ಎರಡು ಅಕ್ಷರದ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅದನ್ನು ಬಿಡಿಸಿ ಬರೆದ ಊರು ಮತ್ತು ಅಪ್ಪನ ಹೆಸರು, ಸರ್‌ನೇಮ್ ಜಾಗ ಖಾಲಿ. ಅರ್ಜಿ ಹಾಕುವಾಗಲೇ ಪಾಸ್‌ಪೋರ್ಟಿನಂತೆ ಬರೆಯಿರಿ, ಪರೀಕ್ಷೆಯಲ್ಲಿ ವೆಬ್‌ಕ್ಯಾಮ್‌ಗೆ ತೋರಿಸುವ ಗುರುತಿನ ಚೀಟಿಯೂ ಅದೇ ಇರಲಿ. ಗ್ರಾಜುಯೇಶನ್ ಅರ್ಜಿಯನ್ನು ಕೊನೆಯ ಸೆಮಿಸ್ಟರ್ ಶುರುವಾಗುವ ಮುಂಚೆಯೇ ತುಂಬಿ; ಡಿಪ್ಲೊಮಾ ಮೇಲೆ ಯಾವ ಹೆಸರು ಅಚ್ಚಾಗಬೇಕೆಂದು ಅಲ್ಲಿ ಕೇಳುತ್ತಾರೆ.