ಮೈನಸ್ ಹದಿನಾಲ್ಕರಲ್ಲಿ ಎರಡು ಚಾಕುಗಳು

ಜನವರಿ ತಿಂಗಳ ನಡುವಿನ ಒಂದು ಶನಿವಾರ, ಸ್ವೀಡನ್ನಿನ ದಾಲಾರ್ನಾ ಸೀಮೆಯಲ್ಲಿ ನಾನು ವಾಸವಾಗಿರುವ ಫಾಲುನ್ ಪಟ್ಟಣದಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಒಂದು ಕಾಡಿಗೆ ಎರಡು ಚಾಕುಗಳನ್ನು ತೆಗೆದುಕೊಂಡು ಹೋಗಿದ್ದೆ. ಒಂದು, ಆರು ವರ್ಷಗಳಿಂದ ನನ್ನ ಬಳಿಯಿರುವ, ಇದೇ ಸೀಮೆಯಲ್ಲಿ ತಯಾರಾಗುವ ಮೋರಾ ಚಾಕು. ಇನ್ನೊಂದು, ಅದರ ಐದು ಪಟ್ಟು ಬೆಲೆ ಕೊಟ್ಟು ಹೊಸದಾಗಿ ತರಿಸಿದ, ಬೇರೆ ದೇಶದ, ದಪ್ಪ ಅಲಗಿನ ಚಾಕು. ಎರಡೂ ಮಡಿಚುವ ಚಾಕುಗಳಲ್ಲ. ಅಲಗು ಹಿಡಿಯಲ್ಲಿ ಕಾಯಂ ಆಗಿ ಕೂತಿರುವಂಥವು. ಹೊಸದನ್ನು ಮಾಡಿದವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಅದಕ್ಕೆ ಆದ ಪೆಟ್ಟಿನಲ್ಲಿ ನನ್ನ ಪಾಲೇ ಹೆಚ್ಚು. ನಾನು ತಿಳಿಯಬೇಕೆಂದುಕೊಂಡದ್ದು ಇಷ್ಟೇ: ಈ ಚಳಿಯಲ್ಲಿ ಸೌದೆ ಸೀಳಿ, ಬೆಂಕಿ ಹೊತ್ತಿಸಿ, ಊಟ ಬಿಸಿ ಮಾಡಿಕೊಳ್ಳುವಷ್ಟು ಕೆಲಸಕ್ಕೆ ಆ ಹೆಚ್ಚಿನ ದಪ್ಪವೂ ತೂಕವೂ ಬೇಕೇ?

ನಾನು ಶಿರಸಿ ಕಡೆಯವನು. ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡು ಸೊಪ್ಪಿನ ಬೆಟ್ಟಕ್ಕೆ ಹೋಗುವವರ ನಡುವೆ ಬೆಳೆದ ನನಗೆ, ಮರದ ಕೆಲಸವೆಂದರೆ ಬೀಸಿ ಕಡಿಯುವುದು ಎಂಬ ಭಾವನೆ ಗಟ್ಟಿಯಾಗಿ ಕೂತಿತ್ತು. ಮಲೆನಾಡಿನ ಕತ್ತಿ ತನ್ನ ಭಾರದಿಂದಲೇ ಅರ್ಧ ಕೆಲಸ ಮಾಡುತ್ತದೆ; ಬಾಗಿದ ತುದಿ ಬಳ್ಳಿಯನ್ನೂ ಟೊಂಗೆಯನ್ನೂ ಎಳೆದುಕೊಂಡು ಕಡಿಯುತ್ತದೆ. ಇಲ್ಲಿಯ ಚಾಕುವನ್ನು ಬೀಸುವುದೇ ಇಲ್ಲ. ಅದನ್ನು ಮರದ ಮೇಲೆ ಇಟ್ಟು ತಳ್ಳಬೇಕು, ಇಲ್ಲವೇ ಬೆನ್ನಿಗೆ ಕೊರಡಿನಿಂದ ಬಡಿಯಬೇಕು. ಈ ವ್ಯತ್ಯಾಸ ಕೈಗೆ ಹಿಡಿಯಲು ನನಗೆ ಎರಡು ಚಳಿಗಾಲ ಬೇಕಾಯಿತು.

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸ್ವೀಡನ್ನಿನಲ್ಲಿ 1988ರ ಕಾಯಿದೆಯೊಂದರ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಸಕಾರಣವಿಲ್ಲದೆ ಚಾಕು ಇಟ್ಟುಕೊಳ್ಳುವಂತಿಲ್ಲ. ಆದ್ದರಿಂದ ಎರಡನ್ನೂ ಚೀಲದ ತಳದಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟು, ಕಾಡು ತಲುಪಿದ ಮೇಲೆ ಬೆಲ್ಟಿಗೆ ಕಟ್ಟಿಕೊಂಡೆ. ಯಾರ ಕಾಡಿನಲ್ಲಾದರೂ ನಡೆದಾಡುವ ಹಕ್ಕು ಇಲ್ಲಿ ಎಲ್ಲರಿಗೂ ಉಂಟು, ಆದರೆ ಆ ಹಕ್ಕು ಜೀವಂತ ಮರದ ಟೊಂಗೆ ಮುರಿಯಲು, ತೊಗಟೆ ಸುಲಿಯಲು ಸಲ್ಲದು. ಬಿದ್ದ ಮರವೂ ಭೂಮಾಲೀಕನದೇ. ನಾನು ಹೋದದ್ದು ಪರಿಚಿತರಾದ ಹಿರಿಯರೊಬ್ಬರ ಸ್ವಂತ ಕಾಡಿಗೆ. ನಿಂತಲ್ಲೇ ಒಣಗಿದ ಒಂದು ಸ್ಪ್ರೂಸ್ ಮರವನ್ನೂ ಒಟ್ಟಿಟ್ಟಿದ್ದ ಬರ್ಚ್ ಮರದ ತುಂಡುಗಳನ್ನೂ ತೋರಿಸಿ, ಬೇಕಾದಷ್ಟು ಬಳಸಿಕೋ ಎಂದು ಅವರು ಹಿಂದಿನ ದಿನವೇ ಹೇಳಿದ್ದರು.

ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ತಲುಪಿದಾಗ ಉಷ್ಣಮಾಪಕ ಮೈನಸ್ 14 ಡಿಗ್ರಿ ತೋರಿಸುತ್ತಿತ್ತು. ಸೂರ್ಯ ಆಗಷ್ಟೇ ಮರಗಳ ಹಿಂದೆ ಕೆಂಪಗೆ ಎದ್ದಿದ್ದ. ಮಧ್ಯಾಹ್ನ ಮೂರೂವರೆಯೊಳಗೆ ಅವನು ಮುಳುಗುತ್ತಾನೆ. ಮೊಣಕಾಲಿನವರೆಗೆ ಹಿಮವಿತ್ತು. ಒಂದಿಷ್ಟು ಜಾಗವನ್ನು ಕಾಲಿನಿಂದಲೇ ತುಳಿದು ಗಟ್ಟಿ ಮಾಡಿ, ಹಳೆಯ ಬುಡವೊಂದರ ಮೇಲಿನ ಹಿಮ ಒರೆಸಿ ಅದನ್ನೇ ಕೆಲಸದ ಮಣೆಯಾಗಿ ಮಾಡಿಕೊಂಡೆ.

ಮೋರಾ ಎಂಬುದು ಇದೇ ದಾಲಾರ್ನಾದಲ್ಲಿ ಸಿಲ್ಯಾನ್ ಸರೋವರದ ದಂಡೆಯಲ್ಲಿರುವ ಊರು. ಅದರ ಪಕ್ಕದ ಓಸ್ಟ್‌ನೂರ್ ಎಂಬ ಹಳ್ಳಿಯಲ್ಲಿ 1891ರಲ್ಲಿ ಆರಂಭವಾದ ಕಾರ್ಖಾನೆಯಿಂದಲೇ ಇಂದಿನ ಮೋರಾ ಚಾಕುಗಳ ಕಂಪನಿ ಬೆಳೆದುಬಂದದ್ದು. ಆ ಕಡೆ ಹಿಂದಿನಿಂದಲೂ ಗಟ್ಟಿ ಉಕ್ಕಿನ ತಗಡನ್ನು ಎರಡು ಮೆದು ಕಬ್ಬಿಣದ ಪದರಗಳ ನಡುವೆ ಸೇರಿಸಿ ಅಲಗು ಮಾಡುವ ರೂಢಿಯಿದೆ. ಇದನ್ನು ಮೊದಲು ಕೇಳಿದಾಗ, ನಮ್ಮೂರಿನ ಕುಲುಮೆಯಲ್ಲಿ ಸವೆದ ಕತ್ತಿಯ ಬಾಯಿಗೆ ಆಚಾರಿ ಉಕ್ಕು ಹಾಕಿಕೊಡುತ್ತಿದ್ದುದು ನೆನಪಾಗಿತ್ತು: ಕಡಿಯುವ ಅಂಚು ಮಾತ್ರ ಗಟ್ಟಿ, ಉಳಿದದ್ದು ಪೆಟ್ಟು ತಡೆಯುವಷ್ಟು ಮೆದು. ನನ್ನದು ಅಂಥ ಪದರದ ಅಲಗಲ್ಲ, ಸಾಧಾರಣ ತುಕ್ಕುರಹಿತ ಉಕ್ಕಿನದು. ಉದ್ದ 10 ಸೆಂಟಿಮೀಟರಿಗಿಂತ ತುಸು ಹೆಚ್ಚು, ದಪ್ಪ ಎರಡೂವರೆ ಮಿಲಿಮೀಟರ್. ಹೊಸದು ಕಾರ್ಬನ್ ಉಕ್ಕಿನದು, ಹನ್ನೊಂದೂವರೆ ಸೆಂಟಿಮೀಟರ್ ಉದ್ದ, 4 ಮಿಲಿಮೀಟರ್ ದಪ್ಪ. ಅದರ ಉಕ್ಕಿನ ಪಟ್ಟಿ ಹಿಡಿಯ ತುದಿಯವರೆಗೂ ಚಾಚಿದ್ದು, ಎರಡು ಬದಿಗೆ ಮರದ ಪಟ್ಟಿಗಳನ್ನು ಬಿಗಿದಿದ್ದಾರೆ. ಆದ್ದರಿಂದ ಹಿಡಿಯ ಮೇಲೂ ಕೆಳಗೂ ಉಕ್ಕು ಬರಿದಾಗಿ ಕಾಣುತ್ತದೆ. ಕಣ್ಣಿಗೆ ಬಲು ಚೆನ್ನ.

ಮೊದಲು ಸೀಳುವ ಕೆಲಸ. ಎಂಟು ಸೆಂಟಿಮೀಟರ್ ಅಡ್ಡಳತೆಯ ಒಣ ಬರ್ಚ್ ತುಂಡನ್ನು ಬುಡದ ಮೇಲೆ ನಿಲ್ಲಿಸಿ, ಅಲಗನ್ನು ಅದರ ತಲೆಯ ಮೇಲೆ ಅಡ್ಡಲಾಗಿ ಇಟ್ಟು, ಮಣಿಕಟ್ಟಿನಷ್ಟು ದಪ್ಪದ ಕೊರಡಿನಿಂದ ಬೆನ್ನಿಗೆ ಬಡಿಯುವುದು. ಅಲಗು ಮರದೊಳಗೆ ಇಳಿದ ಮೇಲೆ ಬಡಿಯಲು ಮೊನೆಯ ಕಡೆ ಎರಡು ಮೂರು ಸೆಂಟಿಮೀಟರಾದರೂ ಹೊರಗೆ ಉಳಿಯಬೇಕು. ಆದ್ದರಿಂದ ಅಲಗಿಗಿಂತ ದಪ್ಪದ ಮರಕ್ಕೆ ಈ ಉಪಾಯ ನಡೆಯುವುದಿಲ್ಲ. ಇಲ್ಲಿ ಹೊಸ ಚಾಕು ತನ್ನ ಬೆಲೆಯನ್ನು ತೋರಿಸಿತು. ನಾಲ್ಕು ಮಿಲಿಮೀಟರಿನ ಬೆನ್ನು ಬೆಣೆಯಂತೆ ಕೆಲಸ ಮಾಡಿ, ಮೂರನೆಯ ಪೆಟ್ಟಿಗೆ ಮರ ತಾನಾಗಿ ಬಾಯಿಬಿಟ್ಟಿತು. ಹಳೆಯದಕ್ಕೆ ಅದೇ ಗಾತ್ರದ ತುಂಡಿಗೆ ಏಳೆಂಟು ಪೆಟ್ಟು ಬೇಕಾಯಿತು, ಅಲಗು ಕೆಳಗಿನವರೆಗೂ ಇಳಿದರೂ ಸೀಳು ಅಗಲವಾಗುತ್ತಿರಲಿಲ್ಲ. ನಾನು ಹೊಸದನ್ನು ಮೆಚ್ಚುವ ಹುಮ್ಮಸ್ಸಿನಲ್ಲೇ ಗಂಟು ಇದ್ದ ಸ್ಪ್ರೂಸ್ ತುಂಡೊಂದನ್ನು ಎತ್ತಿಕೊಂಡೆ. ಸ್ಪ್ರೂಸಿನ ಗಂಟು ಒಣಗಿದ ಮೇಲೆ ಕೊಂಬಿನಷ್ಟು ಗಟ್ಟಿಯಾಗುತ್ತದೆ ಎಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಅಲಗು ಗಂಟಿನ ನಡುವೆ ಕಚ್ಚಿ ನಿಂತಿತು. ಮೇಲಕ್ಕೆ ಬಡಿದು ಬಿಡಿಸುವ ಬದಲು ನಾನು ಹಿಡಿಯನ್ನು ಪಕ್ಕಕ್ಕೆ ತಿರುಚಿದೆ. ಸಣ್ಣದಾಗಿ ಟಿಕ್ ಎಂದಿತು. ಹೊರತೆಗೆದು ಬೆಳಕಿಗೆ ಹಿಡಿದು ನೋಡಿದರೆ, ಬಾಯಿಯ ನಡುಭಾಗದಲ್ಲಿ ಸಾಸಿವೆಯ ಅರ್ಧದಷ್ಟು ಮುಕ್ಕು. ಗಡಸು ಉಕ್ಕು ಚಳಿಯಲ್ಲಿ ಇನ್ನಷ್ಟು ಪೆಡಸಾಗುತ್ತದೆ, ಆದರೆ ಅಂದು ಮುಕ್ಕಾದದ್ದಕ್ಕೆ ಚಳಿಯನ್ನು ದೂರಲಾರೆ. ತಿರುಚಿದ ಕೈ ನನ್ನದೇ.

ಆಮೇಲೆ ಬೆಂಕಿಗೆ ಬೇಕಾದ ಸುರುಳಿಗಳು. ಹೆಬ್ಬೆರಳು ದಪ್ಪದ ಒಣ ಕಡ್ಡಿಯ ಅಂಚಿನಲ್ಲಿ ಮೇಲಿನಿಂದ ಕೆಳಕ್ಕೆ ಚಾಕು ತಳ್ಳುತ್ತ, ಚಕ್ಕೆ ಕಡಿದು ಬೀಳದಂತೆ ತುದಿಯಲ್ಲೇ ನಿಲ್ಲಿಸಿ, ಬಡಗಿಯ ಕೀಸುಳಿಯಿಂದ ಏಳುವಂಥ ತೆಳು ಸುರುಳಿಗಳನ್ನು ಒಂದರ ಹಿಂದೊಂದು ಎಬ್ಬಿಸಬೇಕು. ಚಾಕುವಿನ ನಿಜವಾದ ಪರೀಕ್ಷೆ ಇದೇ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಇಲ್ಲಿ ಬಲಕ್ಕಿಂತ ಕೋನ ಮುಖ್ಯ. ಮೋರಾದ ಅಲಗಿಗೆ ಎರಡೂ ಬದಿಯಲ್ಲಿ ಒಂದೊಂದೇ ಅಗಲವಾದ ಇಳಿಜಾರಿದೆ. ಆ ಇಳಿಜಾರನ್ನು ಮರದ ಮೇಲೆ ಸಪಾಟಾಗಿ ಒರಗಿಸಿದರೆ ಸಾಕು, ಅದೇ ಕೈಗೆ ದಾರಿ ತೋರಿಸುತ್ತದೆ. ಎಳೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಸುರುಳಿಗಳು ಒಂದರ ಮೇಲೊಂದು ಕೂತವು. ಹೊಸದರಲ್ಲಿ ದೊಡ್ಡ ಇಳಿಜಾರಿನ ಕೊನೆಗೆ ಬಾಯಿಯ ಬಳಿ ಇನ್ನೊಂದು ಕಿರಿದಾದ ಇಳಿಜಾರು ಇರುವುದರಿಂದ, ಅಲಗು ಎಲ್ಲಿ ಮರವನ್ನು ಹಿಡಿಯುತ್ತದೆಂಬುದು ಕೈಗೆ ತಿಳಿಯುವುದಿಲ್ಲ. ಒಂದೋ ಮೇಲೆ ಜಾರುತ್ತದೆ, ಇಲ್ಲವೇ ಆಳಕ್ಕೆ ಕಚ್ಚಿ ದಪ್ಪ ಚಕ್ಕೆಯನ್ನೇ ಕಿತ್ತುಹಾಕುತ್ತದೆ. ಹತ್ತು ಕಡ್ಡಿಗಳಲ್ಲಿ ನಾಲ್ಕು ಮಾತ್ರ ಬಳಸುವ ಹಾಗೆ ಬಂದವು.

ಈ ಕೆಲಸಕ್ಕೆ ದಪ್ಪ ಕೈಗವಸು ಆಗುವುದಿಲ್ಲ, ತೆಳು ಉಣ್ಣೆಯದೇ ಬೇಕು. ಹತ್ತು ನಿಮಿಷದಲ್ಲಿ ಹೊಸ ಚಾಕುವಿನ ಹಿಡಿಯ ಬರಿ ಉಕ್ಕು ಉಣ್ಣೆಯನ್ನೂ ದಾಟಿ ಅಂಗೈಯ ಬಿಸಿಯನ್ನು ಎಳೆದುಕೊಳ್ಳತೊಡಗಿತು. ಕಿರುಬೆರಳು ಮೊದಲು ಉರಿಯಿತು, ನಂತರ ಅದರ ಅರಿವೇ ಇಲ್ಲದಾಯಿತು. ಹರಿತವಾದದ್ದನ್ನು ಹಿಡಿದ ಕೈಗೆ ಹಾಗಾಗಬಾರದು, ಅಲ್ಲಿಗೇ ನಿಲ್ಲಿಸಿದೆ. ಮೋರಾದಲ್ಲಿ ಉಕ್ಕಿನ ಬಾಲ ಹಿಡಿಯೊಳಗೆ ಪೂರ್ತಿ ಮುಚ್ಚಿಹೋಗಿದ್ದು, ಕೈಗೆ ಸಿಗುವುದು ರಬ್ಬರಿನ ಹೊದಿಕೆ ಮಾತ್ರ. ಈ ನಾಡಿನ ಹಳೆಯ ಚಾಕುಗಳ ಹಿಡಿಗಳು ಹೆಚ್ಚಾಗಿ ಬರ್ಚ್ ಮರದವು, ಉಕ್ಕು ಒಳಗೇ ಅಡಗಿದವು ಏಕೆಂದು ಆ ಕಿರುಬೆರಳು ನನಗೆ ಹೇಳಿಕೊಟ್ಟಿತು.

ಬೆಂಕಿ ಸುಲಭವಾಗಿ ಹತ್ತಿತು. ಬರ್ಚಿನ ತೊಗಟೆಯಲ್ಲಿ ಎಣ್ಣೆಯಂಶವಿರುವುದರಿಂದ ಒದ್ದೆಯಾದರೂ ಅದು ಉರಿಯುತ್ತದೆ. ಸೌದೆ ತುಂಡಿನಿಂದಲೇ ತೊಗಟೆಯ ಪಟ್ಟಿಯೊಂದನ್ನು ಸುಲಿದು, ಚಾಕುವಿನ ಬೆನ್ನಿನಿಂದ ಹೆರೆದು ಹತ್ತಿಯಂಥ ಪುಡಿ ಮಾಡಿದೆ. ಕೆರೆದರೆ ಕಿಡಿ ಉದುರಿಸುವ ಲೋಹದ ಕಡ್ಡಿಯಾದ ಫೆರೋ ರಾಡಿಗೆ ಕಾರ್ಬನ್ ಉಕ್ಕೇ ಬೇಕೆಂದು ಅನೇಕರು ನಂಬಿದ್ದಾರೆ. ಅದು ಚಕಮಕಿ ಕಲ್ಲಿನ ಮಾತು. ರಾಡಿನಲ್ಲಿ ಕಿಡಿಯಾಗುವುದು ರಾಡಿನ ಲೋಹವೇ ಹೊರತು ಚಾಕುವಿನದಲ್ಲ. ಬೆನ್ನಿನ ಮೂಲೆ ಚೂಪಾಗಿದ್ದರೆ ಸಾಕು. ನನ್ನ ಮೋರಾದ ಬೆನ್ನು ದುಂಡಗಿದ್ದುದನ್ನು ಅರದಿಂದ ಉಜ್ಜಿ ಎರಡು ಸೆಂಟಿಮೀಟರಿನಷ್ಟು ಚೂಪು ಮಾಡಿಕೊಂಡಿದ್ದೆ. ಎರಡರಿಂದಲೂ ನಾಲ್ಕೈದು ಎಳೆತಕ್ಕೆ ಪುಡಿ ಹೊತ್ತಿಕೊಂಡಿತು.

ಊಟವಾದ ಮೇಲೆ ಮೋರಾವನ್ನು ತೆಗೆಯಹೋದರೆ ಅದು ಒರೆಯಿಂದ ಬರಲೇ ಇಲ್ಲ. ಹಿಮ ತಾಗಿದ್ದ ಅಲಗನ್ನು ಬೆಂಕಿಯ ಹತ್ತಿರ ಕೂತಿದ್ದಾಗ ಒರೆಸದೆ ಒರೆಗೆ ಸೇರಿಸಿದ್ದೆ. ನೀರಾದದ್ದು ಒಳಗೇ ಮತ್ತೆ ಹೆಪ್ಪುಗಟ್ಟಿ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿತ್ತು. ಎಳೆದಾಡುವುದು ಅಪಾಯ, ಬಿಟ್ಟುಕೊಂಡರೆ ಎಲ್ಲಿಗೆ ತಾಗುತ್ತದೋ ತಿಳಿಯದು. ಒರೆಯ ಸಮೇತ ಕೋಟಿನೊಳಗೆ ಕಾಲು ಗಂಟೆ ಇಟ್ಟುಕೊಂಡ ಮೇಲೆ ಸಡಿಲವಾಯಿತು. ಅಂದಿನಿಂದ ಒರೆಗೆ ಸೇರಿಸುವ ಮೊದಲು ಅಲಗನ್ನು ಎರಡು ಬಾರಿ ಪ್ಯಾಂಟಿನ ತೊಡೆಗೆ ಒರೆಸುವುದು, ಬೆನ್ನನ್ನು ಬಟ್ಟೆಯ ಕಡೆಗೂ ಬಾಯಿಯನ್ನು ಹೊರಕ್ಕೂ ಇಟ್ಟು, ಅಭ್ಯಾಸವಾಗಿದೆ.

ಮನೆಗೆ ಬಂದು ಚೀಲ ಬಿಚ್ಚಿದಾಗ ಬೆಚ್ಚಗಿನ ಕೋಣೆಯ ತೇವ ಎರಡೂ ಅಲಗುಗಳ ಮೇಲೆ ಕ್ಷಣದಲ್ಲಿ ಮಂಜಾಗಿ ಕೂತಿತು. ಒರೆಸಿಟ್ಟೆನೆಂದುಕೊಂಡಿದ್ದರೂ ಮಾರನೆಯ ಬೆಳಿಗ್ಗೆ ಕಾರ್ಬನ್ ಉಕ್ಕಿನ ಅಲಗು ಹಿಡಿಯನ್ನು ಸೇರುವ ಮೂಲೆಯಲ್ಲಿ ಕಂದು ಚುಕ್ಕೆಗಳು ಬಂದಿದ್ದವು. ಅವನ್ನು ಉಜ್ಜಿ ತೆಗೆದು ಎಣ್ಣೆ ಸವರಿದೆ. ಮುಕ್ಕು ಹೋಗಲು ಒರಟು ಕಲ್ಲಿನ ಮೇಲೆ ಮುಕ್ಕಾಲು ಗಂಟೆ ಮಸೆಯಬೇಕಾಯಿತು. ಮಸೆಯುತ್ತಿದ್ದಾಗ ಬಾಯಿಯ ಬಳಿಯ ಆ ಕಿರಿದಾದ ಇಳಿಜಾರನ್ನೂ ಸವೆಸಿ ದೊಡ್ಡದರಲ್ಲಿ ಸೇರಿಸತೊಡಗಿದ್ದೇನೆ, ಇನ್ನೂ ಅರ್ಧದಷ್ಟು ಉಳಿದಿದೆ. ಹಿಡಿಯ ಬರಿ ಉಕ್ಕಿನ ಮೇಲೆ ಸದ್ಯಕ್ಕೆ ಸೈಕಲ್ ಹ್ಯಾಂಡಲಿಗೆ ಸುತ್ತುವ ಬಟ್ಟೆಯ ಪಟ್ಟಿ ಸುತ್ತಿದ್ದೇನೆ. ಚಂದ ಹೋಯಿತು, ಆದರೆ ಬೆಚ್ಚಗಿದೆ. ಮುಂದಿನ ಸಲ ಸೌದೆ ಸೀಳಲು ಅದು ಚೀಲದಲ್ಲಿರುತ್ತದೆ, ಬೆಲ್ಟಿನಲ್ಲಿ ಮೋರಾ.