ಬಯೊನೆಟ್ ಓದುವುದನ್ನು ನಾನು ಕಲಿತ ಬಗೆ

ಬಂದೂಕಿನ ತುದಿಗೆ ಸಿಕ್ಕಿಸುವ ಬಯೊನೆಟ್‌ಗಳನ್ನು ಸಂಗ್ರಹಿಸುತ್ತೇನೆ ಎಂದು ತಿಳಿದವರು ಮೊದಲು ಕೇಳುವುದು ‘ಇದು ಎಷ್ಟು ಹಳೆಯದು?’ ಎಂದು. ಅಲಗಿನ ಬುಡದಲ್ಲಿ ಕಿರೀಟದ ಕೆಳಗೆ 1907 ಎಂಬ ಅಚ್ಚು ಕಂಡರೆ ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ. ಆದರೆ ಅದು ಆ ಬಯೊನೆಟ್ ತಯಾರಾದ ವರ್ಷವಲ್ಲ, ಮಾದರಿಯ ಹೆಸರಿನಲ್ಲಿರುವ ವರ್ಷ. ತಯಾರಾದ ತಿಂಗಳು ಮತ್ತು ವರ್ಷ ಅದರ ಕೆಳಗೆ ಚಿಕ್ಕ ಅಂಕಿಗಳಲ್ಲಿ ಇರುತ್ತವೆ: 5 ಮತ್ತು 17 ಎಂದಿದ್ದರೆ 1917ರ ಮೇ. ಅಲ್ಲೇ ತಯಾರಕರ ಹೆಸರು. ಅಲಗನ್ನು ತಿರುಗಿಸಿದರೆ ಬ್ರಿಟಿಷ್ ಸರ್ಕಾರದ ಆಸ್ತಿ ಎಂದು ಹೇಳುವ ಬಾಣದ ಗುರುತು, ಅಲಗನ್ನು ಬಗ್ಗಿಸಿ ಪರೀಕ್ಷಿಸಿದ್ದಕ್ಕೆ ಗುಣಾಕಾರ ಚಿಹ್ನೆಯಂಥ ಗುರುತು, ತಪಾಸಣೆಗಾರರ ಪುಟ್ಟ ಕಿರೀಟಗಳು. ಇದನ್ನು ಸಿಕ್ಕಿಸುತ್ತಿದ್ದ ಬಂದೂಕು ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಕಂಡ ಅದೇ ತ್ರೀ ನಾಟ್ ತ್ರೀ.

ನಾನು ಜಾಲಹಳ್ಳಿಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ದುಡಿದವನು. ಯುದ್ಧದ ಕತೆಗಳಿಗಿಂತ ಉಕ್ಕಿನ ಮೇಲೆ ಯಂತ್ರ ಬಿಟ್ಟ ಗೆರೆಗಳೇ ನನ್ನನ್ನು ಈ ಹವ್ಯಾಸಕ್ಕೆ ಎಳೆದವು. ಎಸ್.ಜೆ.ಪಿ. ರಸ್ತೆಯ ಆಸುಪಾಸಿನ ಸಂಡೇ ಬಜಾರಿನಲ್ಲಿ, ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹಳೆಯ ಸ್ಪ್ಯಾನರ್, ಮುರಿದ ವೈಸುಗಳ ನಡುವೆ ಹುಡುಕುವುದು ನನಗೆ ಮೊದಲಿನಿಂದಲೂ ಅಭ್ಯಾಸ. ಅಲ್ಲಿ ಬಯೊನೆಟ್ ಸಿಗುವುದು ಅಪರೂಪ. ಸಿಕ್ಕರೂ ಒರೆ ಇಲ್ಲದೆ, ಹಿಡಿಯ ಮರ ಒಡೆದು, ಕೆಲವೊಮ್ಮೆ ತೆಂಗಿನಕಾಯಿ ಸುಲಿಯಲು ಬಳಕೆಯಾಗಿ ಸವೆದು ಸಿಗುತ್ತದೆ. ಹೆಚ್ಚಿನವು ನನಗೆ ಬಂದದ್ದು ದಂಡು ಪ್ರದೇಶದ ಹಳೆಯ ಮನೆಗಳನ್ನು ಖಾಲಿ ಮಾಡುವಾಗ, ಪರಿಚಯದವರ ಮೂಲಕ.

ಕೊಳ್ಳುವ ಮೊದಲು ಕಾನೂನು ತಿಳಿದಿರಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಮೊದಲ ಅನುಸೂಚಿಯ ಐದನೆಯ ವರ್ಗದಲ್ಲಿ ಖಡ್ಗ, ಕಠಾರಿಗಳ ಜೊತೆ ಬಯೊನೆಟ್‌ನ ಹೆಸರೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ನಾಲ್ಕನೆಯ ಕಲಮಿನಂತೆ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಇಂಥವುಗಳಿಗೂ ಪರವಾನಗಿ ಬೇಕಾಗುತ್ತದೆ. ಆದ್ದರಿಂದ ನಾನು ಠಾಣೆಯಲ್ಲಿ ವಿಚಾರಿಸಿಕೊಂಡೇ ಮುಂದುವರಿದೆ. ಯಾರಿಂದ, ಯಾವಾಗ, ಎಷ್ಟಕ್ಕೆ ಕೊಂಡೆ ಎಂಬ ದಾಖಲೆ ಪ್ರತಿಯೊಂದಕ್ಕೂ ಇದೆ. ನೂರು ವರ್ಷ ದಾಟಿದವನ್ನು ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆ ಅದನ್ನು ತಡೆಯುತ್ತದೆ, ತಡೆಯಲೇಬೇಕು.

ಗುಜರಿಯವರು ವಸ್ತು ಕೈಗೆ ಕೊಡುವಾಗ ಪ್ರೀತಿಯಿಂದಲೇ ಕೇಳುತ್ತಾರೆ: “ಬಫ್ ಹಾಕಿ ಪಳಪಳ ಮಾಡಿಕೊಡಲೇ ಸರ್?” “ಬೇಡಪ್ಪ, ಹೇಗಿದೆಯೋ ಹಾಗೇ ಕೊಡು” ಎನ್ನುತ್ತೇನೆ. ಬಫ್ ಚಕ್ರಕ್ಕೆ ಕೊಟ್ಟ ಬಯೊನೆಟ್‌ನಲ್ಲಿ ಅಚ್ಚಿನ ಅಂಚುಗಳು ಕರಗಿಹೋಗುತ್ತವೆ. ಆಮೇಲೆ ಅದು ಬರೀ ಹೊಳೆಯುವ ಕತ್ತಿ. ಮನೆಗೆ ತಂದ ಮೇಲೆ ನಾನು ಮಾಡುವುದು ಇಷ್ಟು: ತೆಳು ಯಂತ್ರದ ಎಣ್ಣೆ ಹಚ್ಚಿ ಕೆಲವು ದಿನ ಬಿಟ್ಟು ಹತ್ತಿಬಟ್ಟೆಯಿಂದ ಒರೆಸುತ್ತೇನೆ. ಎಮರಿ ಕಾಗದ ಮುಟ್ಟುವುದಿಲ್ಲ. ಆಮೇಲೆ ಅಚ್ಚಿನ ಗುಂಡಿಗಳಿಗೆ ಸೀಮೆಸುಣ್ಣದ ಪುಡಿ ತುಂಬಿ, ಟಾರ್ಚನ್ನು ಒಂದು ಮಗ್ಗುಲಿಂದ ಹಿಡಿದು ಓದುತ್ತೇನೆ. ಆಗಲೂ ಕಾಣದಿದ್ದರೆ ಶಾಸನದ ಪಡಿಯಚ್ಚು ತೆಗೆಯುವವರ ಹಾಗೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜುತ್ತೇನೆ. ಕಣ್ಣಿಗೆ ಬೀಳದ ಅಕ್ಷರ ಕಾಗದದಲ್ಲಿ ಮೂಡುವುದುಂಟು.

1907ರ ಮಾದರಿಯಲ್ಲಿ ಎಲ್ಲರೂ ಬೆನ್ನು ಹತ್ತುವುದು ಕೊಕ್ಕೆಯ ಬಯೊನೆಟ್‌ಗಳನ್ನು. ಜಪಾನಿನ ಅರಿಸಾಕ ಬಂದೂಕಿನ ಬಯೊನೆಟ್ ನೋಡಿ ಮಾಡಿದ ಮಾದರಿಯಾದ್ದರಿಂದ ಮೊದಮೊದಲು ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿಯ ಕೆಳತುದಿ ಕೊಕ್ಕೆಯಂತೆ ಮುಂದಕ್ಕೆ ಬಾಗಿರುತ್ತಿತ್ತು. 1913ರಲ್ಲಿ ಅದನ್ನು ಕೈಬಿಟ್ಟರು. ಸೇವೆಯಲ್ಲಿದ್ದ ಎಷ್ಟೋ ಬಯೊನೆಟ್‌ಗಳ ಕೊಕ್ಕೆಯನ್ನೂ ಕತ್ತರಿಸಿದರು. ಹಾಗಾಗಿ ಉಳಿದವಕ್ಕೆ ಬೆಲೆ, ಬೆಲೆ ಬಂದಲ್ಲಿ ನಕಲಿ. ಕೊಕ್ಕೆ ಇದ್ದು ತಾರೀಖು 1916 ಎಂದಿದ್ದರೆ ಅಲ್ಲಿಗೆ ಮಾತು ಮುಗಿಯಿತು. ತಾರೀಖು ಸರಿಯಿದ್ದರೂ ಅಡ್ಡಪಟ್ಟಿಯನ್ನು ಭೂತಗನ್ನಡಿಯಲ್ಲಿ ನೋಡುತ್ತೇನೆ. ಒಂದೇ ತುಂಡಾಗಿ ಬಡಿದು ಮಾಡಿದ ಉಕ್ಕು ಬಾಗುವಲ್ಲಿ ಮೇಲ್ಮೈ ಒಂದೇ ಸಮ ಇರುತ್ತದೆ. ವೆಲ್ಡ್ ಮಾಡಿ ಅರ ಹಾಕಿದ್ದರೆ ಬಣ್ಣ ಒಂದು ಕಡೆ ಬದಲಾಗುತ್ತದೆ, ಸಣ್ಣ ಸೂಜಿರಂಧ್ರಗಳು ಕಾಣುತ್ತವೆ. ಹಿಡಿಯ ಹಿಂತುದಿಯಲ್ಲಿ ಕೊಳೆ ಹೊರಹೋಗಲೆಂದು ಕೊರೆದ ತೂತು ಬಂದದ್ದು 1916ರಲ್ಲಿ. ಆದರೆ ಹಳೆಯವಕ್ಕೂ ಆಮೇಲೆ ತೂತು ಕೊರೆದಿದ್ದಾರೆ. ಆದ್ದರಿಂದ ತೂತು ಇದ್ದ ಮಾತ್ರಕ್ಕೆ ಕೊಕ್ಕೆ ಸುಳ್ಳು ಎನ್ನುವಂತಿಲ್ಲ.

ತಯಾರಕರ ಹೆಸರಿನ ವಿಷಯವೂ ಹೀಗೆಯೇ. ವಿಲ್ಕಿನ್ಸನ್ ಕಂಪನಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ತಯಾರಿಸಿತು. ಅಮೆರಿಕದ ರೆಮಿಂಗ್ಟನ್ ಸುಮಾರು ಒಂದು ಲಕ್ಷ, ವಿಕರ್ಸ್ ಬರೀ ಹತ್ತು ಸಾವಿರದಷ್ಟು. ವಿಕರ್ಸ್ ಅಚ್ಚು ಕಂಡಾಗ ನಾನು ಮೊದಲು ನೋಡುವುದು ಅಕ್ಷರವನ್ನಲ್ಲ, ಅದರ ಸುತ್ತಲಿನ ತುಕ್ಕಿನ ಗುಳಿಗಳನ್ನು. ಅಸಲಿ ಅಚ್ಚಿನ ಅಂಚನ್ನು ತುಕ್ಕು ತಿಂದಿರುತ್ತದೆ. ಹೊಸದಾಗಿ ಹೊಡೆದ ಪಂಚಿನ ಗೆರೆ ಹಳೆಯ ಗುಳಿಯೊಳಕ್ಕೂ ಇಳಿದಿರುತ್ತದೆ. ತುಕ್ಕಿನ ನಂತರ ಅಕ್ಷರ ಬಂದಿದ್ದರೆ ಅದು ಕಾರ್ಖಾನೆಯದಲ್ಲ.

ಇಷ್ಟೆಲ್ಲ ಹೇಳಿದರೂ ನನ್ನ ಮನಸ್ಸು ನೆಟ್ಟಿರುವುದು ಕೊಕ್ಕೆಯ ಮೇಲೂ ಅಲ್ಲ, ವಿಕರ್ಸ್ ಮೇಲೂ ಅಲ್ಲ. ಕೋಲ್ಕತ್ತದ ಹತ್ತಿರದ ಇಶಾಪುರದ ರೈಫಲ್ ಕಾರ್ಖಾನೆಯಲ್ಲಿ, ಆರ್.ಎಫ್.ಐ. ಅಚ್ಚಿನಡಿ ತಯಾರಾದ ನಮ್ಮ ಬಯೊನೆಟ್‌ಗಳ ಮೇಲೆ. ಒರಟು ಕೆಲಸ ಎಂದು ಸಂಗ್ರಾಹಕರು ಇವನ್ನು ಬದಿಗೆ ಸರಿಸುವುದನ್ನು ಕಂಡಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಇವುಗಳಲ್ಲಿ ಇರುವಷ್ಟು ಬಗೆಗಳು, ಅವಸರದಲ್ಲಿ ಕಾರ್ಖಾನೆ ಹೇಗೆ ಯೋಚಿಸುತ್ತದೆ ಎಂಬುದರ ಸಾಕ್ಷ್ಯ ಇನ್ನೆಲ್ಲೂ ನನಗೆ ಸಿಕ್ಕಿಲ್ಲ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಹದಿನೇಳು ಅಂಗುಲದ ಅಲಗು ಬೇಡವೆನಿಸಿತು, ಹನ್ನೆರಡು ಸಾಕು ಎಂದಾಯಿತು. ಆಗ ನಡೆದದ್ದು ಎರಡು ಕೆಲಸ. ಒಂದು, ಹಳೆಯ ಉದ್ದ ಅಲಗುಗಳನ್ನು ಕತ್ತರಿಸಿ ತುದಿ ಮಾಡುವುದು. ಇನ್ನೊಂದು, ಮೊದಲಿಂದಲೇ ಗಿಡ್ಡವಾಗಿ ಮಾಡುವುದು. ಮೇಲ್ನೋಟಕ್ಕೆ ಎರಡೂ ಒಂದೇ. ಬೇರ್ಪಡಿಸಲು ಅಲಗಿನ ಮಗ್ಗುಲಲ್ಲಿ ಉದ್ದಕ್ಕೂ ಕೊರೆದ ತೋಡನ್ನು ನೋಡಬೇಕು. ಕತ್ತರಿಸಿದ ಅಲಗಿನಲ್ಲಿ ತೋಡು ಹೆಚ್ಚುಕಡಿಮೆ ತುದಿಯವರೆಗೂ ಓಡುತ್ತದೆ, ಏಕೆಂದರೆ ಅದು ಮುಗಿಯಬೇಕಾಗಿದ್ದ ಜಾಗವೇ ಕತ್ತರಿಸಿಹೋಗಿದೆ. ಗಿಡ್ಡವಾಗಿಯೇ ಹುಟ್ಟಿದ್ದರಲ್ಲಿ ತೋಡು ತುದಿಗೆ ಸಾಕಷ್ಟು ಮೊದಲೇ ಲೋಹ ಕೊರೆಯುವ ಮಿಲ್ಲಿಂಗ್ ಕಟರಿನ ದುಂಡು ಗುರುತು ಬಿಟ್ಟು ನಿಲ್ಲುತ್ತದೆ. ಕತ್ತರಿಸಿದ್ದು ಕಾರ್ಖಾನೆಯೋ ಊರಿನ ಕುಲುಮೆಯೋ ಎಂಬ ಪ್ರಶ್ನೆ ಬಂದಾಗ ವರ್ನಿಯರ್ ಕ್ಯಾಲಿಪರ್ ಕೈಗೆತ್ತಿಕೊಳ್ಳುತ್ತೇನೆ. ಉದ್ದ ಹನ್ನೆರಡಕ್ಕೆ ಕೂಡಿಬರಬೇಕು, ತುದಿ ನಡುಗೆರೆಯ ಮೇಲೆ ಕೂರಬೇಕು, ಎರಡೂ ಮಗ್ಗುಲಿನ ಸಾಣೆ ಒಂದೇ ಕೋನದಲ್ಲಿರಬೇಕು. ಕುಲುಮೆಯವರು ಕಣ್ಣಳತೆಯಲ್ಲಿ ಮಾಡುತ್ತಾರೆ. ಚೆನ್ನಾಗಿಯೇ ಮಾಡುತ್ತಾರೆ, ಆದರೆ ಎರಡು ಮಗ್ಗುಲು ತಾಳೆಯಾಗುವುದಿಲ್ಲ.

ಈ ಗಿಡ್ಡ ಬಯೊನೆಟ್‌ನ ಎರಡನೆಯ ರೂಪವಾದ ಮಾರ್ಕ್ 2 ಬರುವ ವೇಳೆಗೆ ತೋಡನ್ನೇ ಬಿಟ್ಟರು. ಮಿಲ್ಲಿಂಗ್ ಯಂತ್ರದ ಮೇಲೆ ಒಂದು ಕೆಲಸ ಕಡಿಮೆಯಾಯಿತೆಂದರೆ ಒಂದು ದಿನಕ್ಕೆ ಎಷ್ಟು ಅಲಗು ಹೆಚ್ಚು ಹೊರಬರುತ್ತದೆ ಎಂದು ಟೂಲ್‌ರೂಮಿನವನಿಗೆ ಹೇಳಬೇಕಾಗಿಲ್ಲ. ಮಾರ್ಕ್ 3ರಲ್ಲಿ ಹಿಡಿಯ ಹಿಂತುದಿಯ ಹಕ್ಕಿಕೊಕ್ಕಿನ ಬಾಗು ಹೋಗಿ ಚೌಕಾಕಾರ ಬಂತು. ಅಚ್ಚಿನಲ್ಲಿ ಜಿ.ಆರ್. (ದೊರೆ ಜಾರ್ಜ್) ಬದಲು ಜಿ.ಆರ್.ಐ. (ದೊರೆ ಹಾಗೂ ಚಕ್ರವರ್ತಿ ಜಾರ್ಜ್) ಇರುತ್ತದೆ, ಬಾಣದ ಗುರುತಿನ ಜೊತೆ ಇಂಡಿಯಾದ ‘ಐ’ ಇರುತ್ತದೆ. ಯುದ್ಧ ಮುಗಿದರೂ ಇವುಗಳ ಸೇವೆ ಮುಗಿಯಲಿಲ್ಲ. 1960ರ ದಶಕದಲ್ಲಿ ಇಶಾಪುರ ತಯಾರಿಸಿದ 7.62 ಮಿ.ಮೀ. 2ಎ ರೈಫಲ್ಲಿಗೂ ಇದೇ ಬಯೊನೆಟ್ ಕೂರುತ್ತದೆ.

ಬೆಂಗಳೂರಿನ ಮಳೆಗಾಲದ ಬಗ್ಗೆ ಒಂದು ಮಾತು. ಬಯೊನೆಟ್ ಅನ್ನು ಚರ್ಮದ ಒರೆಯೊಳಗೆ ಇಡಬೇಡಿ. ಹದ ಮಾಡಿದ ಚರ್ಮ ತೇವ ಹಿಡಿದಿಟ್ಟುಕೊಂಡು ಅಲಗನ್ನು ತಿನ್ನುತ್ತದೆ. ಒರೆ ಬೇರೆ, ಅಲಗು ಬೇರೆ ಇಟ್ಟು, ಎರಡಕ್ಕೂ ಒಂದೇ ಸಂಖ್ಯೆಯ ಚೀಟಿ ಕಟ್ಟುತ್ತೇನೆ. ಹಿಡಿಯ ಮರಕ್ಕೆ ಅಗಸೆ ಎಣ್ಣೆ, ವರ್ಷಕ್ಕೊಮ್ಮೆ, ತೆಳುವಾಗಿ. ಹಿಡಿಯ ಸ್ಕ್ರೂಗಳನ್ನು ಬಿಚ್ಚುವ ಆಸೆ ಬೇಡ. ತಲೆಯ ಸೀಳು ಒಮ್ಮೆ ಹಾಳಾದರೆ ‘ಯಾರೋ ಬಿಚ್ಚಿದ್ದಾರೆ’ ಎಂಬ ಅನುಮಾನ ಆ ವಸ್ತುವಿಗೆ ಅಂಟಿಬಿಡುತ್ತದೆ.

ಸದ್ಯ ನಾನು ಹುಡುಕುತ್ತಿರುವುದು ಎನ್.ಡಬ್ಲ್ಯು.ಆರ್. ಅಚ್ಚಿನ ಮಾರ್ಕ್ 2. ಅದು ಲಾಹೋರಿನ ನಾರ್ತ್ ವೆಸ್ಟರ್ನ್ ರೈಲ್ವೆಯ ಗುರುತು. ಯುದ್ಧಕಾಲದಲ್ಲಿ ರೈಲು ಎಂಜಿನ್‌ಗಳನ್ನು ದುರಸ್ತಿ ಮಾಡುವವರ ಕೈಗೂ ಬಯೊನೆಟ್ ಕೆಲಸ ಬಂದಿತ್ತು. ಅವರು ಅಲಗನ್ನು ಹೇಗೆ ಸಾಣೆ ಹಿಡಿದರು, ಇಶಾಪುರದವರಿಗಿಂತ ಎಲ್ಲಿ ಬೇರೆಯಾದರು ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆಯಬೇಕು. ಯಾರ ಅಟ್ಟದಲ್ಲಾದರೂ ಇದ್ದರೆ ಮಾರಬೇಕೆಂದಿಲ್ಲ, ಒಂದು ಮಧ್ಯಾಹ್ನ ಅಳತೆ ತೆಗೆಯಲು ಬಿಟ್ಟರೆ ಸಾಕು.